ನೆಲ ಅಳಿಲಿನ ಷಿಕಾರಿ ಪಂದ್ಯದಲ್ಲಿ ಅಂಕ ಕೊಡುವುದು ಹೇಗೆ?

ನಿಮ್ಮ ಗುಂಪಿನವರು ಜುಲೈ 4ರ ರಜೆಗೆ ಇಂಥ ಪಂದ್ಯ ಇಟ್ಟುಕೊಂಡಿದ್ದೀರಿ, ಅಂಕ ಹೇಗೆ ಕೊಡಬೇಕು ಎಂದು ಕೇಳಿ ನೀವು ಬರೆದ ಪತ್ರ ಓದಿದೆ: ಎರಡು ತಂಡ, ಬಾಲ ಎಣಿಸಿ ಅಂಕ, ಹೆಚ್ಚು ಹೊಡೆದವರಿಗೆ ಟ್ರೋಫಿ. ಆರು ವರ್ಷದ ಹಿಂದೆ ನಮ್ಮ ಗುಂಪಿಗೆ ನಾನು ಬರೆದಿದ್ದ ಪತ್ರವನ್ನೇ ಯಾರೋ ನನಗೆ ತಿರುಗಿಸಿ ಕಳುಹಿಸಿದಂತಾಯಿತು. ಊರು ಸಹ ಅದೇ, ಅಮೆರಿಕದ ಐಡಾಹೊ ರಾಜ್ಯದ ಬಾಯ್ಸಿ.

ನಾನು ಕೊಡಗಿನ ಸುಂಟಿಕೊಪ್ಪದ ಕಡೆಯವನು. ಮನೆಯಲ್ಲಿ ಕೋವಿ ಇತ್ತು, ಸುತ್ತ ಕಾಫಿ ತೋಟ ಇತ್ತು, ಕೋವಿಗೆ ಪೂಜೆ ಮಾಡುವ ಕೈಲ್ ಮುಹೂರ್ತದ ಹಬ್ಬಕ್ಕೆ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಈಡು ಹೊಡೆಯುವ ಪಂದ್ಯ ಇತ್ತು. ಷಿಕಾರಿ ಮಾತ್ರ 1972ರ ವನ್ಯಜೀವಿ ಕಾನೂನಿನ ಹಿಂದಿನ ಮಾತಾಗಿ ಅಜ್ಜನ ಬಾಯಲ್ಲಷ್ಟೇ ಉಳಿದಿತ್ತು. ಇಲ್ಲಿಗೆ ಬಂದ ಮೇಲೆ, ಇಲ್ಲಿಯವರು ವಿಸಲ್ ಪಿಗ್ ಎಂದು ಕರೆಯುವ ಈ ನೆಲ ಅಳಿಲನ್ನು ಹೊಲದವರೇ ಕರೆದು ಹೊಡೆಸುತ್ತಾರೆ ಎಂದು ತಿಳಿದಾಗ ನನಗಾದ ಸಂತೋಷವನ್ನು ಮುಚ್ಚಿಡುವುದಿಲ್ಲ. ಫೋನಿನಲ್ಲಿ ಅಮ್ಮನಿಗೆ ಹೇಳಿದೆ. ‘ಅಳಿಲನ್ನೇ? ರಾಮ ಬೆನ್ನು ಸವರಿದ ಪ್ರಾಣಿಯನ್ನೇ?’ ಎಂದರು. ಇದಕ್ಕೆ ಬೆನ್ನ ಮೇಲೆ ಮೂರು ಗೆರೆ ಇಲ್ಲ, ಮರ ಹತ್ತುವುದಿಲ್ಲ, ಬಿಲ ತೋಡಿಕೊಂಡು ಮೇವು ತಿನ್ನುತ್ತದೆ ಎಂದು ವಿವರಿಸಿದೆ. ‘ಹಾಗಾದರೆ ಹೆಗ್ಗಣ ಎನ್ನು’ ಎಂದು ಫೋನು ಇಟ್ಟರು.

ನಮಗೆ ಸಿಕ್ಕಿದ್ದು ಮೌಂಟನ್ ಹೋಮ್ ಎಂಬ ಊರಿನಿಂದ ದಕ್ಷಿಣಕ್ಕೆ ಒಬ್ಬ ವಯಸ್ಸಾದ ರೈತರ ಆಲ್ಫಾಲ್ಫಾ ಹೊಲ. ಆಲ್ಫಾಲ್ಫಾ ಎಂದರೆ ನಮ್ಮ ಕುದುರೆಮೆಂತೆ. ಅಳಿಲುಗಳು ಮೊದಲ ಕೊಯ್ಲಿನ ಮೇವನ್ನು ತಿನ್ನುವುದಲ್ಲದೆ, ಬಿಲದ ಬಾಯಲ್ಲಿ ಗುಡ್ಡೆ ಹಾಕಿದ ಮಣ್ಣು ಕೊಯ್ಯುವ ಯಂತ್ರದ ಅಲಗಿಗೆ ಸಿಕ್ಕುತ್ತದೆ. ಅವರು ದುಡ್ಡು ಕೇಳಲಿಲ್ಲ. ಗೇಟು ತೆರೆದಿದ್ದರೆ ತೆರೆದೇ ಇರಲಿ, ಮುಚ್ಚಿದ್ದರೆ ಮುಚ್ಚಿಯೇ ಇರಲಿ, ಒದ್ದೆ ಹೊಲದ ಮೇಲೆ ಗಾಡಿ ಓಡಿಸಬೇಡಿ, ಅಷ್ಟೇ ಅಂದರು.

ಮಾರ್ಚ್ ಕೊನೆಯ ಶನಿವಾರ ನಾವು ಹನ್ನೆರಡು ಜನ. ಬೆಳಿಗ್ಗೆ ಎರಡೂ ತಂಡಗಳು ಹೊಲದ ಪೂರ್ವದ ಅಂಚಿನಲ್ಲಿ ಒಂದೇ ಸಾಲಾಗಿ ಕುಳಿತೆವು. ಎಲ್ಲರ ಮುಖ ಪಶ್ಚಿಮಕ್ಕೆ, ಬಿಸಿಲು ಬೆನ್ನಿಗೆ. ಇನ್ನೂರು ಗಜದಾಚೆ ಕಾಲುವೆಯ ಒಡ್ಡು, ಹತ್ತಡಿ ಎತ್ತರದ ಮಣ್ಣು. ತಪ್ಪಿದ ಗುಂಡೆಲ್ಲ ಆ ಮಣ್ಣಿಗೆ. ಇದಕ್ಕಿಂತ ಒಳ್ಳೆಯ ಏರ್ಪಾಡು ಇರಲಾರದು, ಮತ್ತು ಅದನ್ನು ಮಾಡಿದವನು ನಾನೇ. ಇಲ್ಲಿಯವರೆಗೆ ತಪ್ಪಿಲ್ಲ.

ಹತ್ತೂವರೆಗೆ ಚಹಾ. ಒಂದು ತಂಡ ಅರವತ್ತೊಂದು, ಇನ್ನೊಂದು ಮೂವತ್ತೆಂಟು. ಬಿಲಗಳೆಲ್ಲ ಅವರ ಕಡೆಗೇ ಇವೆ, ಒಡ್ಡಿನ ಬುಡದಲ್ಲಿ ಇನ್ನೂ ಹೆಚ್ಚಿವೆ, ಇದು ನ್ಯಾಯವಲ್ಲ ಎಂದು ಸೋಲುತ್ತಿದ್ದವರು ಶುರುಮಾಡಿದರು. ನಾನು ಅಂಪೈರು. ಅಂಪೈರಾದವನಿಗೆ ನ್ಯಾಯ ಎನ್ನುವ ಶಬ್ದ ಕೇಳಿದರೆ ಬುದ್ಧಿ ಮಂಕಾಗುತ್ತದೆ. ಕ್ರಿಕೆಟ್ಟಿನಲ್ಲಿ ತುದಿ ಬದಲಾಯಿಸುವುದಿಲ್ಲವೇ, ಕಬಡ್ಡಿಯಲ್ಲಿ ಅಂಕಣ ಬದಲಾಯಿಸುವುದಿಲ್ಲವೇ, ನಾವೂ ಹಾಗೆ ಮಾಡೋಣ ಎಂದೆ. ಎರಡೂ ತಂಡಗಳನ್ನು ಎಬ್ಬಿಸಿ ಪಶ್ಚಿಮದ ಒಡ್ಡಿನ ಮೇಲೆ ಕೂರಿಸಿದೆ. ಈಗ ಎಲ್ಲರ ಮುಖ ಪೂರ್ವಕ್ಕೆ.

ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ನಾವು ಬೇಜವಾಬ್ದಾರಿಗಳಾಗಿದ್ದೆವು ಎಂದು ನೀವು ತಿಳಿದರೆ ಈ ಕಥೆ ನಿಮಗೆ ಉಪಯೋಗವಿಲ್ಲ. ನಾವು ಎಚ್ಚರ ವಹಿಸಿದ್ದೆವು. ಎದುರಿಗೆ ಯಾರೂ ಉಳಿದಿಲ್ಲ ಎಂದು ತಲೆ ಎಣಿಸಿದೆ. ಬೆಳಿಗ್ಗೆ ನಮ್ಮ ಬೆನ್ನ ಹಿಂದೆ ನಿಲ್ಲಿಸಿದ್ದ ಐದು ಕಾರುಗಳು ಈಗ ಎದುರಾಗುತ್ತವೆ ಎಂದು ನೆನಪಿಟ್ಟು ಅವನ್ನು ತೆಗೆಸಿದೆ. ಎತ್ತರದಲ್ಲಿ ಕುಳಿತಿದ್ದೇವೆ, ಗುಂಡು ಕೆಳಮುಖವಾಗಿ ನೆಲಕ್ಕೇ ಹೋಗುತ್ತದೆ ಎಂಬ ಲೆಕ್ಕವೂ ಇತ್ತು. ಆ ಲೆಕ್ಕ ಮಾಡಿ ನೋಡಿ. ಹತ್ತಡಿ ಎತ್ತರ, ಅಳಿಲು ಮುನ್ನೂರು ಅಡಿ ದೂರ: ಮೂವತ್ತಕ್ಕೆ ಒಂದು. ಅದು ಇಳಿಜಾರಲ್ಲ, ಮಟ್ಟ. ಕೆರೆಯ ಮೇಲೆ ಚಪ್ಪಟೆ ಕಲ್ಲು ಬೀಸಿದರೆ ಕುಪ್ಪಳಿಸುತ್ತ ಹೋಗುತ್ತದಲ್ಲ, ನಮ್ಮ .22 ಅಳತೆಯ ಸಣ್ಣ ಕೋವಿಯ ಸೀಸದ ಗುಂಡು ಗಟ್ಟಿ ನೆಲದ ಮೇಲೆ ಹಾಗೆಯೇ ಹೋಗುತ್ತದೆ. ಒಂದೂವರೆ ಮೈಲಿವರೆಗೆ ಅಪಾಯ ಎಂದು ತೋಟಾ ಪೆಟ್ಟಿಗೆಯ ಮೇಲೇ ಅಚ್ಚು ಹಾಕಿರುತ್ತಾರೆ. ನಾವು ಆ ಪೆಟ್ಟಿಗೆಯನ್ನು ಚಹಾ ಲೋಟ ಇಡಲು ಬಳಸುತ್ತಿದ್ದೆವು.

ಎದುರಿಗೆ ಏನಿತ್ತು? ಪೂರ್ವದ ಅಂಚಿನಾಚೆ, ಒಣ ಹುಲ್ಲಿನ ನಡುವೆ, ರೈತರು ಚಳಿಗಾಲಕ್ಕೆ ನಿಲ್ಲಿಸಿದ್ದ ವೀಲ್ ಲೈನ್: ಸಾಲು ಚಕ್ರಗಳಿಗೆ ತಾನೇ ಅಚ್ಚಾಗಿ ಹೊಲದುದ್ದಕ್ಕೂ ಉರುಳುತ್ತ ನೀರು ಹಾಯಿಸುವ ಕಾಲು ಮೈಲಿ ಉದ್ದದ ಅಲ್ಯೂಮಿನಿಯಂ ಪೈಪು. ಅದನ್ನು ನಾವು ನೋಡಿರಲಿಲ್ಲ ಎಂದಲ್ಲ. ಬೆಳಿಗ್ಗೆ ನಮ್ಮ ಚೀಲಗಳನ್ನು ನೇತುಹಾಕಿದ್ದೇ ಅದಕ್ಕೆ! ಜಾಗ ಬದಲಾಯಿಸುವಾಗ ಚೀಲ ತೆಗೆದುಕೊಂಡೆವು, ಕಾರು ತೆಗೆದೆವು. ಪೈಪು ನಮ್ಮದಲ್ಲವಲ್ಲ, ಕಣ್ಣಿಗೆ ಬೀಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅಂಕ ಸಮನಾಯಿತು, ಎಲ್ಲರೂ ಖುಷಿಯಾಗಿ ಮನೆಗೆ ಹೋದೆವು.

ಏಪ್ರಿಲ್‌ನಲ್ಲಿ ಕಾಲುವೆಗೆ ನೀರು ಬಿಟ್ಟರು. ರೈತರ ಫೋನು ಬಂತು. ಬೈಗುಳವಿಲ್ಲ, ‘ಒಮ್ಮೆ ಬಂದು ನೋಡಿಕೊಂಡು ಹೋಗು’ ಎಂದರು. ಹೋದೆ. ಸ್ಪ್ರಿಂಕ್ಲರುಗಳ ನಡುವೆ, ನೀರು ಏಳಬಾರದ ಕಡೆಗಳಲ್ಲಿ, ಒಂಬತ್ತು ಸಣ್ಣ ಕಾರಂಜಿಗಳು. ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟ ವರ್ಷಗಳಲ್ಲಿ ಕಾಫಿ ಗಿಡಕ್ಕೆ ರಾತ್ರಿಯಿಡೀ ಇಂಥದೇ ಪೈಪು ಹೊತ್ತು ಜೋಡಿಸುತ್ತಿದ್ದವರ ಮಗ ನಾನು. ಒಂದು ಪೈಪು ನೆಗ್ಗಿದರೆ ಅಪ್ಪ ಎರಡು ದಿನ ಮಾತು ಬಿಡುತ್ತಿದ್ದರು. ಈ ರೈತರೂ ಮಾತಾಡಲಿಲ್ಲ, ಪಕ್ಕದಲ್ಲಿ ನಿಂತು ನನ್ನೊಡನೆ ನೀರು ನೋಡಿದರು. ನಲವತ್ತಡಿಯ ಮೂರು ತುಂಡುಗಳ ಬೆಲೆಯನ್ನು ಚಂದಾ ಎತ್ತಿ ಕೊಟ್ಟೆವು, ಅವರು ತೆಗೆದುಕೊಂಡರು. ಆ ಗೇಟು ಮಾತ್ರ ನಮಗೆ ಮುಚ್ಚಿತು, ಪಕ್ಕದ ಎರಡು ಹೊಲಗಳವರೂ ಫೋನು ಎತ್ತಲಿಲ್ಲ.

ಆದ್ದರಿಂದ ಅಂಕ ಹೇಗೆ ಕೊಡಬೇಕು ಎಂಬ ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ಕೊಡಬೇಡಿ. ಅಳಿಲನ್ನು ಎಣಿಸಿದ ಕ್ಷಣ ಪಂದ್ಯ, ಪಂದ್ಯವಾದ ಕ್ಷಣ ಜಾಗದ ಜಗಳ, ಜಗಳವಾದ ಕ್ಷಣ ಗುಂಡಿನ ದಿಕ್ಕು ಬದಲು. ಒಂದು ಸಾಲು, ಒಂದು ದಿಕ್ಕು, ಬೆಳಿಗ್ಗೆಯಿಂದ ಸಂಜೆಯವರೆಗೆ. ಯಾರಿಗೆ ಬಿಲ ಕಡಿಮೆಯೋ ಅವರು ಆ ಸಾಲಿನಲ್ಲೇ ಕುರ್ಚಿ ಅದಲುಬದಲು ಮಾಡಿಕೊಳ್ಳಲಿ. ಸ್ನೇಹದ ಪಂದ್ಯ ಎನ್ನುತ್ತೀರಿ. ಸ್ನೇಹ ಬೇಕಿದ್ದರೆ ಪಂದ್ಯ ಬಿಡಿ.

ಬಾಲ ಕತ್ತರಿಸಿ ಲೆಕ್ಕ ಒಪ್ಪಿಸುವುದಂತೂ ಬೇಡವೇ ಬೇಡ. 2015ರಲ್ಲಿ ಬಾಯ್ಸಿಯ ದಕ್ಷಿಣಕ್ಕೆ ಸತ್ತುಬಿದ್ದ ನೆಲ ಅಳಿಲುಗಳಲ್ಲಿ ಪ್ಲೇಗ್ ದೃಢಪಟ್ಟಿತ್ತು. ನಮ್ಮ ಬೆಂಗಳೂರಿನವರು 1898ರಲ್ಲಿ ಊರು ಬಿಟ್ಟು ಓಡಿದ್ದು, ಪ್ಲೇಗಮ್ಮನಿಗೆ ಗುಡಿ ಕಟ್ಟಿದ್ದು ಇದೇ ರೋಗಕ್ಕೆ. ಸತ್ತ ಪ್ರಾಣಿಯ ಮೈಯಿಂದ ಚಿಗಟ ನಿಮ್ಮ ಕೈಗೆ ಹತ್ತುತ್ತದೆ. ನಾಯಿಯನ್ನು ಮನೆಯಲ್ಲೇ ಬಿಡಿ.

ನಿಮ್ಮ ಜುಲೈ 4ರ ರಜೆಯ ದಿನಾಂಕವೂ ಆಗದು. ನಮ್ಮ ಕಡೆಯ ಈ ಸ್ನೇಕ್ ನದಿಯ ಬಯಲಿನಲ್ಲಿ ಇವು ಚಳಿಗಾಲ ಮುಗಿಯುವ ಮೊದಲೇ ಏಳುತ್ತವೆ, ವಸಂತದಲ್ಲಿ ಮೇದು ಕೊಬ್ಬಿ, ಹುಲ್ಲು ಒಣಗುತ್ತಿದ್ದಂತೆ ಮತ್ತೆ ಬಿಲ ಸೇರಿ ಮಲಗುತ್ತವೆ. ಜುಲೈಗೆ ಹೋದರೆ ಬಿಸಿಲು ಕಾಯಿಸಿಕೊಂಡು ಬರಬಹುದು, ಅಷ್ಟೇ.

ಎರಡನೆಯ ಆಯ್ಕೆ ಎಂದು ಉತ್ತರಕ್ಕಿರುವ ಮೆಕಾಲ್ ಊರಿನ ಬಳಿಯ ಹುಲ್ಲುಗಾವಲನ್ನು ಬರೆದಿದ್ದೀರಿ. ಅದನ್ನು ಈಗಲೇ ಹೊಡೆದುಹಾಕಿ. ಆ ಭಾಗದ ವ್ಯಾಲಿ ಮತ್ತು ಆಡಮ್ಸ್ ಕೌಂಟಿಗಳಲ್ಲಿ, ಅಂದರೆ ಜಿಲ್ಲೆಗಳಲ್ಲಿ, ಉತ್ತರ ಐಡಾಹೊ ನೆಲ ಅಳಿಲು ಎಂಬ ಬೇರೆಯೇ ಜಾತಿ ಇದೆ. 2000ದಿಂದ ಅದು ಅಮೆರಿಕದ ಅಪಾಯದಂಚಿನ ಜೀವಿಗಳ ಕಾನೂನಿನ ರಕ್ಷಣೆಯಲ್ಲಿದೆ. ಅಲ್ಲೇ ಇರುವ ಕೊಲಂಬಿಯನ್ ನೆಲ ಅಳಿಲಿಗಿಂತ ಗಾತ್ರದಲ್ಲಿ ಸಣ್ಣದು. ದೂರದ ಹುಲ್ಲಿನಲ್ಲಿ, ಟ್ರೋಫಿಯ ಆಸೆಯಲ್ಲಿ, ದೊಡ್ಡ ಜಾತಿಯ ಮರಿ ಯಾವುದು, ಸಣ್ಣ ಜಾತಿಯ ದೊಡ್ಡದು ಯಾವುದು ಎಂದು ನಿಮ್ಮ ಸದಸ್ಯರು ಹೇಳಬಲ್ಲರೇ? ನಾನು ಹೇಳಲಾರೆ.

ಇನ್ನು ‘ಎಚ್‌1ಬಿ ವೀಸಾದ ಗೆಳೆಯರು ಸುಮ್ಮನೆ ಒಂದೆರಡು ಈಡು ಹೊಡೆದು ನೋಡುತ್ತಾರೆ’ ಎಂಬ ನಿಮ್ಮ ಸಾಲು. ಅದನ್ನು ಓದಿ ನನ್ನ ಎದೆ ಧಸಕ್ಕೆಂದಿತು. ವಲಸೆಯೇತರ ವೀಸಾದಲ್ಲಿರುವವರು ಕೋವಿಯನ್ನಾಗಲಿ ತೋಟಾವನ್ನಾಗಲಿ ಇಟ್ಟುಕೊಳ್ಳುವುದು ಇಲ್ಲಿ ಫೆಡರಲ್ ಅಪರಾಧ. ಅದಕ್ಕಿರುವ ಮುಖ್ಯ ವಿನಾಯಿತಿಯೇ ಚಾಲ್ತಿಯಲ್ಲಿರುವ ಬೇಟೆ ಪರವಾನಗಿ. ಗೆಳೆಯನ ಕೋವಿ, ಐದೇ ನಿಮಿಷ ಎಂಬ ವಾದ ನಡೆಯುವುದಿಲ್ಲ. ಐಡಾಹೊದಲ್ಲಿ ಈ ಅಳಿಲಿಗೂ ಪರವಾನಗಿ ಬೇಕೇ ಬೇಕು; 1975ರ ಜನವರಿ 1 ಅಥವಾ ಆಮೇಲೆ ಹುಟ್ಟಿದವರು ಅದನ್ನು ಪಡೆಯಲು ಬೇಟೆ ಶಿಕ್ಷಣದ ತರಗತಿ ಮುಗಿಸಿರಬೇಕು. ನಮ್ಮಲ್ಲಿ ಹನ್ನೆರಡರಲ್ಲಿ ಏಳು ಮಂದಿ ಎಚ್‌1ಬಿಯವರೇ. ಎಲ್ಲರ ಪರವಾನಗಿ ನೋಡಿದ ಮೇಲೆಯೇ ಕಾರು ಹತ್ತಿಸಿದ್ದೆ. ಅಂದು ನಾನು ಸರಿಯಾಗಿ ಮಾಡಿದ ಕೆಲಸಗಳಲ್ಲಿ ಇದೊಂದು.

ತಾಮ್ರದ ಗುಂಡು ಬಳಸಿ. ಬೆಲೆ ಹೆಚ್ಚು, ಕೆಲವು ಕೋವಿಗಳಲ್ಲಿ ಗುರಿ ಅಷ್ಟು ಕೂಡಿಬರುವುದಿಲ್ಲ ಎಂದು ಗೊಣಗುತ್ತಾರೆ, ಗೊಣಗಲಿ. ಬಾಯ್ಸಿಯ ದಕ್ಷಿಣದಲ್ಲಿ 1993ರಲ್ಲಿ ಅಮೆರಿಕದ ಸಂಸತ್ತು ಹದ್ದು, ಡೇಗೆಗಳಿಗೆಂದೇ ಸುಮಾರು 4.85 ಲಕ್ಷ ಎಕರೆ ಮೀಸಲಿಟ್ಟಿದೆ. ಅಲ್ಲಿ ಗೂಡು ಕಟ್ಟುವ ಪ್ರೇರಿ ಡೇಗೆಗಳ ಮುಖ್ಯ ಊಟ ಇದೇ ಅಳಿಲು. ಹೊಲದಲ್ಲಿ ಬಿಟ್ಟುಬಂದ ಹೆಣವನ್ನು ಹಕ್ಕಿ ತಿಂದರೆ ಸೀಸದ ಚೂರು ಅದರ ಹೊಟ್ಟೆಗೆ ಹೋಗುತ್ತದೆ.

ಹೋದ ವಸಂತದಲ್ಲಿ ಆ ರೈತರು ನಾಲ್ಕು ಜನರಿಗೆ ಮತ್ತೆ ಗೇಟು ತೆರೆದರು. ಪೂರ್ವದ ಅಂಚು, ಬೆಳಿಗ್ಗೆ ಮಾತ್ರ. ಹೋಗುವ ಮೊದಲೇ ನಾನು ಪೈಪಿನುದ್ದಕ್ಕೂ ಕೆಂಪು ಬಟ್ಟೆ ಕಟ್ಟಿದೆ. ‘ನಿನ್ನ ಬೆನ್ನ ಹಿಂದಿರುವುದಕ್ಕೆ ಬಟ್ಟೆ ಏಕೆ?’ ಎಂದು ಕೇಳಿದರು. ನಾನು ಉತ್ತರಿಸಲಿಲ್ಲ, ಅವರೂ ಬಿಚ್ಚಲಿಲ್ಲ.

ಟ್ರೋಫಿಗೆ ಆಗಲೇ ದುಡ್ಡು ಕೊಟ್ಟಾಗಿದೆ ಎನ್ನುತ್ತೀರಲ್ಲ, ಅದನ್ನು ಬಿಸಾಡಬೇಡಿ. ಷಿಕಾರಿ ಮುಗಿಸಿ, ಎಲ್ಲರ ಕೋವಿ ಖಾಲಿ ಮಾಡಿಸಿ, ಊಟ ಮಾಡಿ. ಆಮೇಲೆ ಅದೇ ಮಣ್ಣಿನ ಒಡ್ಡಿನ ಮುಂದೆ ಇಂಡಿಯನ್ ಅಂಗಡಿಯ ಒಂದು ತೆಂಗಿನಕಾಯಿ ಇಡಿ. ನೂರು ಗಜ, ಒಬ್ಬರಿಗೆ ಒಂದೇ ಈಡು, ಯಾರು ಒಡೆಯುತ್ತಾರೋ ಅವರಿಗೆ ಟ್ರೋಫಿ. ಕೊಡಗಿನಲ್ಲಿ ಇದಕ್ಕಾಗಿ ಊರೇ ಸೇರುತ್ತದೆ, ಜಾಗ ಸರಿಯಿಲ್ಲ ಎಂದು ಯಾರೂ ತಕರಾರು ತೆಗೆಯುವುದಿಲ್ಲ. ಸೀಸದ ಗುಂಡಿನಲ್ಲಿ ಒಡೆದಿದ್ದರೆ ಮಾತ್ರ ಆ ಕಾಯಿಯನ್ನು ಚಟ್ನಿಗೆ ಹಾಕಬೇಡಿ.