ಅಂಟಾರ್ಕ್ಟಿಕಾದಿಂದ ಕಲ್ಲು ತರಬೇಡಿ, ಬೂಟು ತಪ್ಪದೆ ತೊಳೆಯಿರಿ

ನೆನಪಿಗೆ ಒಂದು ಪುಟ್ಟ ಕಲ್ಲು ತಂದರೆ ಏನು ತಪ್ಪು, ಹಡಗಿನಿಂದ ಇಳಿಯುವ ಮುಂಚೆ ಬೂಟು ಯಾಕೆ ತೊಳೆಸುತ್ತಾರೆ ಅಂತ ಕೇಳಿದ್ದೀರಿ. ದಯವಿಟ್ಟು ಕಲ್ಲು ತರಬೇಡಿ. ಅಡೆಲಿ, ಜೆಂಟೂ ಪೆಂಗ್ವಿನ್‌ಗಳು ಗೂಡು ಕಟ್ಟುವುದೇ ಆ ಕಲ್ಲುಗಳಿಂದ, ಕರಗಿದ ಹಿಮದ ನೀರು ಮೊಟ್ಟೆಗೆ ತಾಗಬಾರದಲ್ವಾ, ಅದಕ್ಕೇ ಪಕ್ಕದ ಗೂಡಿನಿಂದ ಕದ್ದಾದರೂ ತಂದು ಎತ್ತರ ಮಾಡಿಕೊಳ್ಳುತ್ತವೆ.

ಬೂಟಿನ ವಿಷಯ ಇನ್ನೂ ಗಂಭೀರ, ಅದಕ್ಕೆ ಅಂಟಿಕೊಂಡು ಹೊರಗಿನ ಬೀಜ ಅಲ್ಲಿಗೆ ಹೋಗಿಬಿಡಬಹುದು. ಇಡೀ ಖಂಡಕ್ಕೆ ಸ್ವಂತ ಅನ್ನುವ ಹೂಬಿಡುವ ಗಿಡಗಳು ಬರೀ 2. ಅಲ್ಲಿನ ಕಿಂಗ್ ಜಾರ್ಜ್ ದ್ವೀಪದಲ್ಲಿರುವ ಪೋಲೆಂಡ್ ಸಂಶೋಧನಾ ಕೇಂದ್ರದ ಬಳಿ 1985ರ ಸುಮಾರಿಗೆ ಹೊರಗಿನ ಹುಲ್ಲು ಕಾಣಿಸಿತು, ಜನರ ಜೊತೆ ಬಂದದ್ದು, ಅದನ್ನು ಕಿತ್ತುಹಾಕಲು ವರ್ಷಗಟ್ಟಲೆ ಒದ್ದಾಡಿದ್ದಾರೆ. ಹೊರಗಿನ ಜೀವಿ ಬೇಡ ಅಂತಲೇ, ಅಂಟಾರ್ಕ್ಟಿಕಾದ ಪರಿಸರ ಕಾಪಾಡುವ 1991ರ ಮ್ಯಾಡ್ರಿಡ್ ಒಪ್ಪಂದದ ಪ್ರಕಾರ 1994ರೊಳಗೆ ಜಾರುಬಂಡಿಯ ನಾಯಿಗಳನ್ನೂ ವಾಪಸ್ ಕಳಿಸಿದರು. ವೆಲ್ಕ್ರೋ ಪಟ್ಟಿ, ಕ್ಯಾಮೆರಾ ಚೀಲದ ಮೂಲೆಗಳನ್ನು ಮನೆಯಲ್ಲೇ ಚೆನ್ನಾಗಿ ಸ್ವಚ್ಛ ಮಾಡಿಕೊಂಡು ಹೋಗಿ, ಬೀಜ ಸುಲಭವಾಗಿ ಅಂಟಿಕೊಳ್ಳುವುದು ಅಲ್ಲೇ.