ಜಿನುಗುವ ಕಲ್ಲಿನ ಒಡ್ಡಿಗೆ ಸಿಮೆಂಟ್ ಮೆತ್ತಬಹುದೇ?

ಪ್ರಶ್ನೆ: ಈಜಿಗೆ, ದೋಣಿ ವಿಹಾರಕ್ಕೆ ಬಳಸುವ ನಮ್ಮ ಪುಟ್ಟ ಕೊಳಕ್ಕೆ ಸುಣ್ಣದ ಗಾರೆಯಲ್ಲಿ ಕಟ್ಟಿದ 2 ಮೀಟರ್ ಎತ್ತರದ ಹಳೆಯ ಕಲ್ಲಿನ ಒಡ್ಡಿದೆ. ಹೊರಮೈಯಲ್ಲಿ ನೀರು ಜಿನುಗುತ್ತಿದೆ, ಬಿಳಿ ಕಲೆಗಳು ಇಳಿದಿವೆ. ಅಲ್ಲಿ ಸಿಮೆಂಟ್ ಗಿಲಾವು ಮಾಡಿಸಿದರೆ ಸಾಕೇ?

ಉತ್ತರ: ಜಿನುಗು ಮರೆಯಾದೀತು, ನಿಲ್ಲದು. ಕೊಳದ ಕಡೆಯಿಂದ ನೀರು ನುಗ್ಗುವ ದಾರಿ ಹಾಗೇ ಬಿಟ್ಟು ಹೊರಬರುವ ದಾರಿಯನ್ನಷ್ಟೇ ಮುಚ್ಚಿದರೆ ಗೋಡೆಯೊಳಗೆ ಒತ್ತಡ ಏರಿ ಕಲ್ಲನ್ನು ಮೇಲಕ್ಕೆತ್ತುತ್ತದೆ. ತನ್ನ ತೂಕದಿಂದಲೇ ನಿಂತಿರುವ ಒಡ್ಡಿಗೆ ಅಷ್ಟು ತೂಕ ಕಳೆದ ಲೆಕ್ಕ. 1895ರಲ್ಲಿ ಫ್ರಾನ್ಸಿನ ಬೂಜೆ ಅಣೆಕಟ್ಟು ಒಡೆಯಲು ಈ ಮೇಲೊತ್ತಡವೇ ಮುಖ್ಯ ಕಾರಣ.

ಬಿಳಿ ಕಲೆ ಎಂದರೆ ಗಾರೆಯ ಸುಣ್ಣ ಕರಗಿ ಹೊರಬಂದು, ಗಾಳಿ ತಾಗಿ ಗಟ್ಟಿಯಾದದ್ದು. ಸಂದುಗಳು ಒಳಗೊಳಗೇ ಟೊಳ್ಳಾಗುತ್ತಿವೆ.

ಮೊದಲು ಅಳೆಯಿರಿ. ಬುಡದಲ್ಲಿ ಪುಟ್ಟ ಮಣ್ಣಿನ ಬದು ಹಾಕಿ ಜಿನುಗನ್ನೆಲ್ಲ ಒಂದು ಕೊಳವೆಗೆ ತಿರುಗಿಸಿ. 10 ಲೀಟರ್ ಬಕೆಟ್ ಎಷ್ಟು ಸೆಕೆಂಡಿಗೆ ತುಂಬುತ್ತದೆ, ಆ ದಿನ ಕೊಳದ ಮಟ್ಟವೆಷ್ಟು ಎಂಬುದನ್ನು ವಾರಕ್ಕೊಮ್ಮೆ ಬರೆದಿಡಿ. 100 ಸೆಕೆಂಡಾದರೆ ನಿಮಿಷಕ್ಕೆ 6 ಲೀಟರ್. ಮಟ್ಟ ಅಷ್ಟೇ ಇದ್ದೂ ಬಕೆಟ್ 60 ಸೆಕೆಂಡಿಗೇ ತುಂಬತೊಡಗಿದರೆ ಕೂಡಲೇ ಪರೀಕ್ಷೆ ಮಾಡಿಸಬೇಕು. ನೀರು ಕದಡಿ ಬಂದರಂತೂ ಪಾಯದ ಮಣ್ಣು ಕೊಚ್ಚಿಹೋಗುತ್ತಿದೆ ಎಂದೇ ತಿಳಿಯಿರಿ: ತೂಬು ತೆಗೆದು ಮಟ್ಟ ಇಳಿಸಿ, ಕೆಳಭಾಗದವರನ್ನು ಎಚ್ಚರಿಸಿ, ಅಣೆಕಟ್ಟು ಬಲ್ಲ ಎಂಜಿನಿಯರನ್ನು ಕರೆಸಿ.

ತಿಳಿನೀರಾದರೆ ದುರಸ್ತಿ ಕೊಳದ ಕಡೆಯ ಮುಖದಲ್ಲಿ ನಡೆಯಲಿ. ನೀರನ್ನು ನಿಧಾನವಾಗಿ ಇಳಿಸಿ. ಸಂದಿನ ಅಗಲದ ಎರಡು ಪಟ್ಟು, ಕನಿಷ್ಠ 25 ಮಿ.ಮೀ. ಆಳಕ್ಕೆ ಉಳಿಯಿಂದ ಕೆರೆದು ತೊಳೆಯಿರಿ. ಯಂತ್ರ ಬೇಡ, ಕಲ್ಲಿನ ಅಂಚು ಹಾರುತ್ತದೆ. ಸಂದು ತೇವವಾಗಿದ್ದು ನೀರು ನಿಂತಿರದಾಗ ಹೈಡ್ರಾಲಿಕ್ ಸುಣ್ಣ (ನೀರಿನಲ್ಲೂ ಗಟ್ಟಿಯಾಗುವ ಸುಣ್ಣ) 1 ಪಾಲು, ಕಣಗಳ ಅಂಚು ಚೂಪಾಗಿರುವ ಒರಟು ಮರಳು 2.5 ಪಾಲಿನ ಗಾರೆಯನ್ನು ಪದರಪದರವಾಗಿ ಒತ್ತಿ ತುಂಬಿ. ಸಾದಾ ಸುಣ್ಣ ಗಾಳಿಯಿಲ್ಲದೆ ಗಟ್ಟಿಯಾಗದು. ಕನಿಷ್ಠ 7 ದಿನ ಒದ್ದೆ ಗೋಣಿ ಹೊದಿಸಿಡಿ. ನೀರು ತುಂಬಲು ನಾಲ್ಕು ವಾರ ಕಾದರೆ ಒಳ್ಳೆಯದು.

ಪ್ರಶ್ನೆ: ಬೇಸಿಗೆಯಲ್ಲಿ ಕೋಡಿಗೆ 30 ಸೆಂ.ಮೀ. ಹಲಗೆ ಕಟ್ಟಿ ನೀರು ಏರಿಸಬಹುದೇ?

ಉತ್ತರ: ಬೇಡ. ಈಗ ನೀರಿನ ಆಳ ಸುಮಾರು 2 ಮೀಟರ್ ಎಂದುಕೊಂಡರೆ ಅದು ಏರುವುದು ಶೇ. 15 ಮಾತ್ರ, ಆದರೆ ಒಡ್ಡಿನ ಮೇಲಿನ ನೂಕು ಶೇ. 32, ಅದನ್ನು ಮಗುಚಿಹಾಕುವ ಬಲ ಶೇ. 52 ಏರುತ್ತದೆ. ಮೇಲಾಗಿ ಹಲಗೆ ತೆಗೆಯುವ ಮೊದಲೇ ದೊಡ್ಡ ಮಳೆ ಬಂದರೆ, ಕೋಡಿಯಲ್ಲಿ ಹೋಗಬೇಕಾದ ನೀರು ಒಡ್ಡಿನ ನೆತ್ತಿ ಹತ್ತಿ ಬುಡವನ್ನೇ ಕೊರೆಯುತ್ತದೆ.