ಒಂದೇ ಮೊಟ್ಟೆಗೂಡಿನ ಮ್ಯಾಂಟಿಸ್ ಜೋಡಿ ತರಬೇಡಿ

ಹೂವಿನಂತೆ ಕಾಣುವ ಬೇಟೆಗಾರ ಕೀಟ ಆರ್ಕಿಡ್ ಮ್ಯಾಂಟಿಸ್‌ನ ಒಂದು ಗಂಡು, ಒಂದು ಹೆಣ್ಣು ಮರಿ ತಂದು ಒಂದೇ ಡಬ್ಬದಲ್ಲಿ ಬೆಳೆಸಿದರೆ ಸಂತಾನವಾಗುತ್ತದೆಯೇ ಎಂದು ಕೇಳಿದ್ದೀರಿ. ಆಗುವುದಿಲ್ಲ. ನಾನೂ ಹೀಗೇ ಒಂದೇ ಮೊಟ್ಟೆಗೂಡಿನ (ತಾಯಿ ಹಲವು ಮೊಟ್ಟೆ ಒಟ್ಟಿಗೆ ಇಡುವ ಪೊಟ್ಟಣ) ಜೋಡಿಯಿಂದ ಶುರು ಮಾಡಿದೆ. ಹೆಣ್ಣು ಬಲಿತು ರೆಕ್ಕೆ ಬರುವ ಮೊದಲೇ ಗಂಡು ಮುದಿಯಾಗಿ ಸತ್ತಿತು.

ಇದು ಕಾಯಿಲೆಯಲ್ಲ, ಲೆಕ್ಕ. ಆರ್ಕಿಡ್ ಹೆಣ್ಣು 6-7 ಸೆಂ.ಮೀ. ಬೆಳೆದರೆ ಗಂಡು 3 ಸೆಂ.ಮೀ. ದಾಟುವುದಿಲ್ಲ. ಸಣ್ಣ ದೇಹಕ್ಕೆ ಹೆಣ್ಣಿಗಿಂತ ಒಂದೆರಡು ಬಾರಿ ಕಡಿಮೆ ಪೊರೆ ಕಳಚಿದರೆ ಸಾಕು. ಆದರೆ ಕೊನೆಯ ಪೊರೆಗಳ ನಡುವೆಯೇ ಅಂತರ ಹೆಚ್ಚು, ವಾರಗಟ್ಟಲೆ ಹಿಡಿಯುತ್ತದೆ. ಹಾಗಾಗಿ ಗಂಡು ಹೆಣ್ಣಿಗಿಂತ ಬಹಳ ಮೊದಲೇ ಬಲಿಯುತ್ತದೆ. ರೆಕ್ಕೆ ಬಂದಮೇಲೂ ಹೆಣ್ಣು ಕೂಡಲು ಸಿದ್ಧವಾಗಲು ಎರಡು-ಮೂರು ವಾರ ಬೇಕು. ರೆಕ್ಕೆ ಬಂದ ಗಂಡಿನ ಆಯುಸ್ಸೋ ಒಂದೆರಡು ತಿಂಗಳು. ಆದ್ದರಿಂದ ಹೆಣ್ಣು ಹಳೆಯ ಗೂಡಿನದು, ಗಂಡು ತಿಂಗಳುಗಳ ನಂತರ ಒಡೆದ ಗೂಡಿನದು ಆಗಿರಬೇಕು. ಒಂದೇ ಗೂಡಿನವಾದರೆ ಹೆಣ್ಣನ್ನು 28 ಡಿಗ್ರಿಯಲ್ಲಿಟ್ಟು ದಿನವೂ ತಿನ್ನಿಸಿ. ಗಂಡನ್ನು 22-23 ಡಿಗ್ರಿಯಲ್ಲಿಟ್ಟು ವಾರಕ್ಕೆ ಎರಡೇ ಸಲ ಆಹಾರ ಕೊಡಿ. ಬೇರೆ ಬೇರೆ ಡಬ್ಬ ಕಡ್ಡಾಯ, ಇಲ್ಲದಿದ್ದರೆ ಒಂದು ಇನ್ನೊಂದನ್ನು ತಿನ್ನುತ್ತದೆ.

ನನ್ನ ಮಾತು ಕೇಳುವುದಾದರೆ ಆರ್ಕಿಡ್ಡೇ ಬೇಡ. ಅದು ಆಗ್ನೇಯ ಏಷ್ಯಾದ ಮಳೆಕಾಡಿನ ಜೀವಿ. ಹೊರದೇಶದಿಂದ ಜೀವಂತ ಕೀಟ ತರಿಸಲು ಭಾರತ ಸರ್ಕಾರದ 2003ರ ಸಸ್ಯ ಸಂಗರೋಧ (ಕ್ವಾರಂಟೈನ್) ಆದೇಶದಡಿ ಪರವಾನಗಿ ಬೇಕು. ನಮ್ಮ ಬೇಲಿ, ಪೊದೆಗಳಲ್ಲೇ ಸಿಗುವ ದಪ್ಪನೆಯ ಹಸಿರು ಮ್ಯಾಂಟಿಸ್ ಹೈರೊಡ್ಯುಲಾ ಸಾಕಿ. ಅದರಲ್ಲಿ ಗಂಡು-ಹೆಣ್ಣಿನ ಗಾತ್ರದ ವ್ಯತ್ಯಾಸ ಅಷ್ಟಿಲ್ಲ, ಕಾಲ ಹೊಂದಿಸುವುದು ಸುಲಭ. ದಕ್ಷಿಣ ಭಾರತದ ಪಿಟೀಲು ಮ್ಯಾಂಟಿಸ್ ಸುಂದರವೇ, ಆದರೆ ಅದಕ್ಕೆ 30 ಡಿಗ್ರಿಗೂ ಮೇಲಿನ ಬಿಸಿ ಬೇಕು, ಹಾರುವ ಬೇಟೆಯೇ ಬೇಕು. ಹೊಸಬರಿಗಲ್ಲ.

ಡಬ್ಬ ಕೀಟದ ಉದ್ದದ ಮೂರು ಪಟ್ಟು ಎತ್ತರವಿರಲಿ, ಮುಚ್ಚಳಕ್ಕೆ ಬಲೆ. ಪೊರೆ ಕಳಚುವಾಗ ಮ್ಯಾಂಟಿಸ್ ತಲೆಕೆಳಗಾಗಿ ನೇತುಬಿದ್ದು ಜಾರಿ ಹೊರಬರುತ್ತದೆ. ನೆಲ ತಾಗಿದರೆ ಕಾಲು ಸೊಟ್ಟಗಾಗುತ್ತದೆ. ಊಟ ಬಿಟ್ಟಿತೆಂದರೆ ಪೊರೆ ಹತ್ತಿರ ಬಂತು, ಉಳಿದ ಮಿಡತೆ, ಜಿರಳೆ ಮರಿಗಳನ್ನೆಲ್ಲ ತೆಗೆದುಬಿಡಿ.

ಗಂಡು-ಹೆಣ್ಣು ಗುರುತಿಸಲು ಹೊಟ್ಟೆಯ ತಳದ ಅಡ್ಡಪಟ್ಟಿ ಎಣಿಸಿ: ಹೆಣ್ಣಿಗೆ 6, ಗಂಡಿಗೆ 8. ಕೂಡಿಸುವ ಮುಂಚಿನ ಎರಡು-ಮೂರು ದಿನ ಹೆಣ್ಣಿಗೆ ಸಾಕೆನ್ನುವಷ್ಟು ತಿನ್ನಿಸಿ, ಅದು ಇನ್ನೊಂದು ಹುಳು ಕಚ್ಚಿಕೊಂಡಿರುವಾಗಲೇ ಗಂಡನ್ನು ಹಿಂಬದಿಯಿಂದ ಬಿಡಿ. ಜಾಗ ವಿಶಾಲವಾಗಿರಲಿ. ಗಂಟೆಗಟ್ಟಲೆ ಅಂಟಿಕೊಂಡಿರುತ್ತವೆ, ಬಿಟ್ಟ ಕೂಡಲೇ ಗಂಡನ್ನು ಎತ್ತಿಕೊಳ್ಳಿ. ಕೂಡದ ಹೆಣ್ಣೂ ಮೊಟ್ಟೆಗೂಡು ಕಟ್ಟುತ್ತದೆ, ಅದು ಸಾಮಾನ್ಯವಾಗಿ ಒಡೆಯುವುದಿಲ್ಲ.

ಗೂಡನ್ನು 25-28 ಡಿಗ್ರಿಯಲ್ಲಿ ನೇತುಹಾಕಿ, ಪಕ್ಕದ ಗೋಡೆಗೆ ಆಗಾಗ ನೀರು ಚಿಮುಕಿಸಿ. ಹೈರೊಡ್ಯುಲಾ ಆದರೆ ತಿಂಗಳು-ಒಂದೂವರೆ ತಿಂಗಳಲ್ಲಿ ನೂರಕ್ಕೂ ಹೆಚ್ಚು ಮರಿ ಇಳಿಯಬಹುದು. ಬೇಲಿಯಿಂದ ಕಿತ್ತು ತಂದ ಗೂಡಾದರೆ ಮರಿಗಳ ಬದಲು ಪುಟ್ಟ ಪರಾವಲಂಬಿ ಕಣಜಗಳೂ ಬರಬಹುದು. ಮರಿಗೆ ಮೊದಲ ಆಹಾರ ಕೊಳೆತ ಬಾಳೆಹಣ್ಣಿನ ಮೇಲೆ ಮುತ್ತುವ ಸಣ್ಣ ನೊಣ. ಆ ನೊಣಗಳ ಬಾಟಲಿಯನ್ನು ಗೂಡು ಒಡೆಯುವ ಎರಡು ವಾರ ಮೊದಲೇ ಸಿದ್ಧಮಾಡಿ. ಇಪ್ಪತ್ತು ಮರಿ ಇಟ್ಟುಕೊಂಡು ಉಳಿದವನ್ನು ತಾಯಿ ಸಿಕ್ಕ ಬೇಲಿಗೇ ಬಿಡಿ. ಆರ್ಕಿಡ್ ಮರಿಗಳನ್ನು ಹೀಗೆ ಬಿಡುವಂತೆಯೇ ಇಲ್ಲ.